ದೊಡ್ಡ ಮನೆಯ ಸಣ್ಣ ಮಗನ ಮಿಲಿಟರಿ ಕಥೆ ಬರೆಯೂದು ಹೆಂಗೆ? ಡ್ಯೂಕ್ ಆಫ್ ಕನಾಟ್ ಹಿಡ್ಕಂಡು ಒಂದು ಪಾಠ

ಕಳೆದ ಜುಲೈಯಲ್ಲಿ ಅಕ್ಕನ ಮಗಳು ಶಿರಸಿಯಿಂದ ಬಸ್ಸಲ್ಲಿ ಘಟ್ಟ ಇಳಿದು ಕುಮಟೆಯ ನಮ್ಮನೆಗೆ ಬಂದಾಗ ಕೈಲೊಂದು ಒದ್ದೆ ಕೊಡೆ, ಬ್ಯಾಗಲ್ಲಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಟ್ಟ ಎರಡೂವರೆ ಪೇಜ್ ನೋಟ್ಸು. ಪಿಯು ಕಾಲೇಜಲ್ಲಿ ಹಿಸ್ಟರಿ ಸೆಮಿನಾರ್ ಅಂತೆ, ಚೀಟಿ ಎತ್ತಿಸಿದ್ರಂತೆ, ಉಳಿದವರಿಗೆಲ್ಲ ಕರ್ಜನ್ನು ರಿಪ್ಪನ್ನು ಅಂತ ಹೆಸರು ಕೇಳಿದವ್ರೇ ಬಂದ್ರೆ ಇವಳಿಗೆ ಬಂದದ್ದು "ಡ್ಯೂಕ್ ಆಫ್ ಕನಾಟ್, ಜೀವನ ಮತ್ತು ಸೇನಾ ಸೇವೆ". ಎರಡೂವರೆ ಪೇಜಲ್ಲಿ ಒಂದೂವರೆ ಪೇಜ್ ಬರೀ ಬಿರುದು, ಪದಕ, ಯಾವ್ಯಾವ ರೆಜಿಮೆಂಟಿಗೆ ಗೌರವ ಕರ್ನಲ್ಲು ಅಂತ ಲಿಸ್ಟು. ಓದಿ ಮುಗಿಸಿ ಅವಳೇ ಹೇಳಿದ್ಲು, "ಮಾವ, ಎಂಗೆ ಒಂದೂ ಗೊತ್ತಾಜಿಲ್ಲೆ, ಇಂವ ಸೈನಿಕನೋ ರಾಜನೋ ಎಂತದು?"

ಪ್ರಶ್ನೆ ಸರಿಯಾಗೇ ಇತ್ತು. ಇಂಥ ಸಣ್ಣಪುಟ್ಟ ರಾಜಮನೆತನದವರ ಬಗ್ಗೆ ಬರೆಯೂಕೆ ಕೂತವರೆಲ್ಲ ಎಡವುದು ಅಲ್ಲೇ, ಅದ್ಕೇ ಆವತ್ತು ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಉದ್ದ ಮಾಡಿ ಇಲ್ಲಿ ಬರೀತಿದ್ದೆ. ಮಕ್ಕಳಿಗೆ ಸೆಮಿನಾರ್ ಇದ್ರೆ, ನೀವೇ ಎಲ್ಲಾದ್ರೂ ಭಾಷಣಕ್ಕೆ ಒಪ್ಕೊಂಡು ಸಿಕ್ಕಿಬಿದ್ದಿದ್ರೆ ಉಪಯೋಗಕ್ಕೆ ಬಂದೀತು.

ಮೊದಲ ಕೆಲಸ, ಬಿರುದೆಲ್ಲ ಕಳಚಿ ಬದಿಗಿಡಿ. ನಮ್ಮ ಬದಿಯವರಿಗೆ ಇದನ್ನ ಹೇಳೂದು ಸುಲಭ. ಯಕ್ಷಗಾನದ ಆಟದಲ್ಲಿ ಒಡ್ಡೋಲಗ ಅಂದ್ರೆ ಕಿರೀಟ, ಭುಜಕೀರ್ತಿ, ಚಂಡೆ, ಕುಣಿತ, ನೋಡೂಕೆ ಭಾರಿ ಚಂದ, ಆದ್ರೆ ಪ್ರಸಂಗ ಇನ್ನೂ ಶುರುವೇ ಆಗಿರೂದಿಲ್ಲ. ಈ ರಾಜಕುಮಾರರ ಬಗ್ಗೆ ಇಂಟರ್‌ನೆಟ್ಟಲ್ಲಿ ಸಿಗೂದು ಮುಕ್ಕಾಲು ಪಾಲು ಒಡ್ಡೋಲಗವೇ. ನೀವು ಮಾಡ್ಬೇಕಾದ್ದು ಅವನ ವೇಷ ಬಿಚ್ಚಿಸಿ ಪಂಚೆ ಉಡಿಸಿ ತಾಳಮದ್ದಲೆಗೆ ಕೂರಿಸೂದು. ಬಣ್ಣ ಇಲ್ಲ, ಕಿರೀಟ ಇಲ್ಲ, ಈಗ ಅರ್ಥ ಹೇಳು ನೋಡ್ವ. ಹೇಳೂಕೆ ಏನಾದ್ರೂ ಇದ್ರೆ ಅದು ಅವನ ಜೀವನ ಚರಿತ್ರೆ.

ಆಮೇಲೆ ಸಂಬಂಧ ಬಿಡಿಸಿ. ಇದ್ರಲ್ಲಿ ಕನ್ನಡದವರಿಗೆ ಇಂಗ್ಲಿಷಿನವರಿಗಿಂತ ಅನುಕೂಲ ಜಾಸ್ತಿ. ಅವರಿಗೆ ಎಲ್ಲರೂ ಅಂಕಲ್ಲು, ಎಲ್ಲರೂ ಕಸಿನ್ನು, ಯಾರು ಯಾವ ಕಡೆಯಿಂದ ಅಂತ ಪತ್ತೆ ಇಲ್ಲ. ನಾವು ಹಾಗಲ್ಲ. ಈ ಡ್ಯೂಕ್ ಆಫ್ ಕನಾಟ್‌ನ ಹೆಸರು ಪ್ರಿನ್ಸ್ ಆರ್ಥರ್, ವಿಕ್ಟೋರಿಯಾ ರಾಣಿಯ ಏಳನೇ ಮಗು, ಗಂಡುಮಕ್ಕಳಲ್ಲಿ ಮೂರನೆಯವ, ಹುಟ್ಟಿದ್ದು 1850ರ ಮೇ 1ಕ್ಕೆ. ಏಳನೇ ಎಡ್ವರ್ಡ್ ದೊರೆಗೆ ತಮ್ಮ, ಐದನೇ ಜಾರ್ಜ್‌ಗೆ ಚಿಕ್ಕಪ್ಪ. ಈಗ ಜರ್ಮನಿಯ ಕೈಸರ್ ವಿಲ್ಹೆಲ್ಮ್ ನೋಡಿ, ಅವನ ತಾಯಿ ಆರ್ಥರನ ದೊಡ್ಡಕ್ಕ, ಅಂದ್ರೆ ಇವನು ಕೈಸರಿಗೆ ಸ್ವಂತ ಸೋದರಮಾವ! ರಷ್ಯಾದ ಕೊನೇ ತ್ಸಾರ್ ಹೆಂಡ್ತಿಗೂ ಸೋದರಮಾವನೇ, ಅವಳ ತಾಯಿ ಇನ್ನೊಬ್ಬ ಅಕ್ಕ. ಸಾಲದ್ದಕ್ಕೆ 1879ರಲ್ಲಿ ಅವನು ಮದುವೆ ಆಗಿದ್ದೂ ಪ್ರಷ್ಯಾದ ರಾಜಕುಮಾರಿ ಲೂಯಿಸ್ ಮಾರ್ಗರೆಟ್ ಅನ್ನೋವ್ಳನ್ನ. ಹಾಗಾಗಿ 1914ರ ಯುದ್ಧ ಶುರುವಾದಾಗ ಈ ಮನುಷ್ಯ ನಿಂತದ್ದು ಅಕ್ಕನ ಮಗನ ಎದುರು ಪಕ್ಷದಲ್ಲಿ, ಹೆಂಡ್ತಿ ತವರಿನ ಎದುರು ಪಕ್ಷದಲ್ಲಿ. "ಶಲ್ಯನ ಕಥೆ ಇದ್ದಾಂಗೆ ಇದ್ದಲ ಮಾವ" ಅಂದ್ಲು ಕೂಸು. ಅಷ್ಟು ಗೊತ್ತಾದ್ರೆ ಅರ್ಧ ಕೆಲಸ ಆದಂಗೆ. ಅಂಕಲ್ ಅಂತ ಬರೆದಿದ್ರೆ ಶಲ್ಯ ನೆನಪಾಗ್ತಿರ್ಲಿಲ್ಲ.

ಇಲ್ಲೊಂದು ಹೊಂಡ ಇದೆ, ನಾನೇ ಬಿದ್ದದ್ದು. ಆರ್ಥರ್ ಇಬ್ಬರು! ಅಪ್ಪನೂ ಆರ್ಥರ್, ಮಗನೂ ಆರ್ಥರ್, ಇಬ್ಬರೂ ಮಿಲಿಟರಿ, ಇಬ್ಬರೂ ಗವರ್ನರ್ ಜನರಲ್. ಅಪ್ಪ ಕೆನಡಾಕ್ಕೆ 1911ರಿಂದ 1916ರವರೆಗೆ, ಮಗ ದಕ್ಷಿಣ ಆಫ್ರಿಕಕ್ಕೆ 1920ರಿಂದ 1924ರವರೆಗೆ. ಬಹಳ ವರ್ಷದ ಹಿಂದೆ ಒಂದು ಕಾರ್ಯಕ್ರಮದಲ್ಲಿ ನಾನು ಅಪ್ಪನನ್ನ ದಕ್ಷಿಣ ಆಫ್ರಿಕದಲ್ಲಿ ಆಡಳಿತ ಮಾಡಿಸಿಬಿಟ್ಟೆ, ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ಹಿರಿಯರು ಎದ್ದು ನಿಂತು "ಮಾಸ್ತರ್ರೇ, ಅದು ಮಗ ಅಲ್ದಾ?" ಅಂದ್ರು, ಮುಂದಿನ ಹತ್ತು ನಿಮಿಷ ನನ್ನ ಬಾಯಲ್ಲಿ ನೀರಿಲ್ಲ. ಅದ್ಕೇ ಹಾಳೆ ಮೇಲೆ ಮೊದಲೇ ಎರಡು ಹೆಸರು ಬರೆದು ಹುಟ್ಟು ಸಾವು ಹಾಕ್ಕೊಳ್ಳಿ, ಅಪ್ಪ 1850–1942, ಮಗ 1883–1938. ಮಗ ಅಪ್ಪನಿಗಿಂತ ಮೊದ್ಲೇ ಹೋದ. ಅದಕ್ಕೇ ಡ್ಯೂಕ್ ಪಟ್ಟ ಸೀದಾ ಮೊಮ್ಮಗ ಅಲಸ್ಟೇರ್‌ಗೆ ಬಂತು, ಅವನು 1943ರಲ್ಲಿ ಒಟ್ಟಾವದಲ್ಲಿ ತೀರ್ಕೊಂಡ, ಪಟ್ಟವೂ ಅಲ್ಲಿಗೇ ಮುಗೀತು.

ಈಗ ಮುಖ್ಯ ಕೆಲಸಕ್ಕೆ ಬರ್ವ. ಒಂದು ದೊಡ್ಡ ಹಾಳೆ ತಗೊಂಡು ಎಡಕ್ಕೆ ಇಸವಿ, ಮಧ್ಯ ಹುದ್ದೆ, ಬಲಕ್ಕೆ ಒಂದೇ ಪ್ರಶ್ನೆ, "ಇದು ಅವ್ವಿ ಕೊಡ್ಸಿದ್ದಾ, ಇವನೇ ದುಡಿದದ್ದಾ?" ನಮ್ಮ ಕೂಸಿಗೆ ಇದು ಭಾರಿ ಖುಷಿ ಆಯ್ತು, ಅವ್ವಿ ಕೊಡ್ಸಿದ್ದಕ್ಕೆ ಕೆಂಪು ಪೆನ್ನು, ಇವನೇ ದುಡಿದದ್ದಕ್ಕೆ ನೀಲಿ ಪೆನ್ನು ಹಿಡ್ಕಂಡು ಕೂತ್ಲು. ಹೆಸರು ಇಟ್ಟದ್ದೇ ವೆಲಿಂಗ್ಟನ್ ಡ್ಯೂಕ್ ನೆನಪಿಗೆ, ವಾಟರ್ಲೂ ಗೆದ್ದ ಆರ್ಥರ್ ವೆಲ್ಲೆಸ್ಲಿ, ನಮ್ಮ ಟಿಪ್ಪು ಕಾಲಕ್ಕೆ ಶ್ರೀರಂಗಪಟ್ಟಣದಲ್ಲಿದ್ದನಲ್ಲ, ಅವನೇ. ಅವನ ಹುಟ್ಟುಹಬ್ಬವೂ ಮೇ 1, ಮಗುವಿಗೆ ಅವನೇ ಗಾಡ್‌ಫಾದರ್. ಹುಟ್ಟಿದ ಮಗುವಿಗೆ ಕತ್ತಿ ಕಟ್ಟಿ ಕಳಿಸಿದಂಗೆ. ಹಾಗಾದ್ರೆ ಕೆಂಪು ಪೆನ್ನು. 1866ರಲ್ಲಿ ಹದಿನಾರಕ್ಕೆ ವೂಲಿಚ್ ಮಿಲಿಟರಿ ಅಕಾಡೆಮಿ ಸೇರಿದ. ಫಿರಂಗಿ ಇಂಜಿನಿಯರಿಂಗ್ ಕಲಿಸುವ ಜಾಗ ಅದು, ಗಣಿತ ಬರದಿದ್ರೆ ಅಲ್ಲಿ ಬೇಯೂದಿಲ್ಲ, ಅರ್ಧ ನೀಲಿ. 1868ರಲ್ಲಿ ರಾಯಲ್ ಇಂಜಿನಿಯರ್ಸ್, ಅದೇ ವರ್ಷ ಆರ್ಟಿಲರಿ, ಮರುವರ್ಷ ರೈಫಲ್ ಬ್ರಿಗೇಡ್, ಹಿಂಗೆ ಒಂದೂಕಾಲು ವರ್ಷದೊಳಗೆ ಮೂರು ಕಡೆ ಕುಣಿಯೂದು ಸಾಮಾನ್ಯರ ಮನೆ ಹುಡುಗನಿಗೆ ಸಾಧ್ಯ ಉಂಟಾ, ಕೆಂಪು. 1870ರಲ್ಲಿ ಕೆನಡಾ ಗಡಿಯಲ್ಲಿ ಫೀನಿಯನ್ನರು (ಇಂಗ್ಲೆಂಡಿನ ವಿರುದ್ಧ ಎದ್ದ ಐರಿಶ್ ಬಂಡುಕೋರರು) ನುಗ್ಗಿದಾಗ ತುಕಡಿ ಜೊತೆ ಅಲ್ಲಿದ್ದ, ನೀಲಿ. 1880ರಲ್ಲಿ ಮೂವತ್ತಕ್ಕೇ ಮೇಜರ್ ಜನರಲ್, ಅದು ಕೆಂಪು, ಎರಡು ಸಲ ಅಡಿಗೆರೆ!

ಕೆಂಪು ಜಾಸ್ತಿ ಬಂತು ಅಂತ ಅವನನ್ನ ನಕಲಿ ಸೈನಿಕ ಅಂತ ಷರಾ ಬರೆದು ಮುಗಿಸಬೇಡಿ. ಇದು ಇನ್ನೊಂದು ತಪ್ಪು, ಈಗಿನ ಹುಡುಗ್ರು ಜಾಸ್ತಿ ಮಾಡೂದು. ನೀಲಿ ಗೆರೆಗಳಲ್ಲಿ ಒಂದನ್ನ ಎತ್ಕೊಂಡು ಅದೊಂದು ದಿನದ ಒಳಗೆ ಹೊಕ್ಕು ನೋಡಿ. ಆರ್ಥರನದ್ದಾದ್ರೆ ಆ ದಿನ 1882ರ ಸೆಪ್ಟೆಂಬರ್ 13, ಈಜಿಪ್ಟಿನ ತೆಲ್ ಎಲ್ ಕೆಬೀರ್.

ಉರಾಬಿ ಪಾಷಾ ಅನ್ನೋವ್ನು ಅಲ್ಲಿ ದಂಗೆ ಎದ್ದಿದ್ದ, ಇಂಗ್ಲೆಂಡಿಗೆ ಸೂಯೆಜ್ ಕಾಲುವೆ ಕೈತಪ್ಪುವ ಹೆದರಿಕೆ, ಯಾಕಂದ್ರೆ ಇಂಡಿಯಾಕ್ಕೆ ಬರೂ ಹಡಗಿನ ದಾರಿ ಅದೇ ಅಲ್ವಾ. ಸರ್ ಗಾರ್ನೆಟ್ ವುಲ್ಸ್‌ಲಿ ಸೇನಾಪತಿ. ರಾತ್ರಿ ಕತ್ತಲೆಯಲ್ಲಿ ಇಡೀ ಸೈನ್ಯವನ್ನ ಮರಳುಗಾಡಲ್ಲಿ ನಡೆಸಿ ಬೆಳಕು ಹರಿಯೂ ಹೊತ್ತಿಗೆ ಈಜಿಪ್ಟಿನವರ ಕಂದಕದ ಮೇಲೆ ಬೀಳೂದು ಅಂತ ಪ್ಲಾನು. ದೀಪ ಇಲ್ಲ, ಬೀಡಿ ಸಿಗರೇಟಿಲ್ಲ, ಮಾತಿಲ್ಲ. ಕಾರವಾರದವರಿಗೆ ಮಜಾ ಬರೂ ವಿಷಯ, ಹೈಲ್ಯಾಂಡ್ ಬ್ರಿಗೇಡಿಗೆ ನಕ್ಷತ್ರ ನೋಡಿ ದಾರಿ ತೋರಿಸಿದವ ಒಬ್ಬ ನೇವಿ ಆಫೀಸರ್, ರಾಸನ್ ಅಂತ. ಸಮುದ್ರದ ಮೇಲೆ ಹಡಗು ನಡೆಸಿದಂಗೆ ಮರಳ ಮೇಲೆ ಸೈನ್ಯ ನಡೆಸಿದ, ಪಾಪ ಅದೇ ಯುದ್ಧದಲ್ಲಿ ಗುಂಡು ತಾಗಿ ಹೋದ. ಈಗ ನಮ್ಮ ಆರ್ಥರ್ ಎಲ್ಲಿದ್ದ? ಮೂವತ್ತೆರಡು ವರ್ಷ ಪ್ರಾಯ, ಗಾರ್ಡ್ಸ್ ಬ್ರಿಗೇಡಿನ ಕಮಾಂಡರ್, ಬಲಬದಿಯಲ್ಲಿ ಗ್ರೇಹಂ ಅನ್ನೋವ್ನ ಬ್ರಿಗೇಡಿನ ಹಿಂದೆ, ಎರಡನೇ ಸಾಲು. ಈ "ಎರಡನೇ ಸಾಲು" ಅನ್ನೋದನ್ನ ಬಿಡದೆ ಬರೀಬೇಕು. ತೆಲ್ ಎಲ್ ಕೆಬೀರಲ್ಲಿ ಬ್ರಿಗೇಡ್ ನಡೆಸಿದ ಅಂತಷ್ಟೇ ಬರೆದ್ರೆ ಕತ್ತಿ ಹಿಡಿದು ಕಂದಕಕ್ಕೆ ಹಾರಿದ ಅಂತ ಓದುವವರು ತಿಳ್ಕೊತಾರೆ, ಎರಡನೇ ಸಾಲು ಅಂತಷ್ಟೇ ಬರೆದು ಬಿಟ್ರೆ ಡೇರೆಯಲ್ಲಿ ಚಾ ಕುಡೀತಿದ್ದ ಅಂತ ತಿಳ್ಕೊತಾರೆ, ನಿಜ ಎರಡರ ಮಧ್ಯ. ಅವನೂ ಕತ್ತಲಲ್ಲಿ ನಡೆದ, ಅವನ ಜನರೂ ಗುಂಡಿನ ಅಳತೆಯೊಳಗೇ ಇದ್ದರು, ಆದ್ರೆ ಪೆಟ್ಟು ತಿಂದದ್ದು ಮುಂದಿನ ಸಾಲು, ಎಲ್ಲಕ್ಕಿಂತ ಜಾಸ್ತಿ ಆ ಹೈಲ್ಯಾಂಡಿನವರು. ಸುಮಾರು ಒಂದು ತಾಸಲ್ಲಿ ಯುದ್ಧವೇ ಮುಗೀತು, ಬ್ರಿಟಿಷ್ ಕಡೆ ಸತ್ತವರು 57, ಈಜಿಪ್ಟಿನವರು ಅದರ ಎಷ್ಟೋ ಪಟ್ಟು. ಇನ್ನೊಂದು, ಅಲ್ಲೇ ಪಕ್ಕದ ಸಿಹಿನೀರಿನ ಕಾಲುವೆಯ (ಸೂಯೆಜ್ ಅಲ್ಲ) ದಕ್ಷಿಣ ಬದಿಯಿಂದ ನಮ್ಮ ಇಂಡಿಯನ್ ಸಿಪಾಯಿಗಳ ತುಕಡಿಯೂ ಆ ಬೆಳಗಿನ ಜಾವ ಮುಂದೆ ಹೋಗಿತ್ತು. ಇಂಗ್ಲಿಷ್ ಬರಹಗಳಲ್ಲಿ ಅದು ಅರ್ಧ ಸಾಲು, ನೀವು ಕನ್ನಡದಲ್ಲಿ ಬರೀತಿದ್ರೆ ಒಂದು ಪೂರಾ ಸಾಲು ಕೊಡಿ ಮಾರಾಯ್ರೆ.

ಮುಂದೆ, ನಿಮ್ಮ ಊರಿಗೆ ಏನಾದ್ರೂ ಗಂಟು ಬೀಳ್ತದಾ ನೋಡಿ. ಸುಳ್ಳು ಗಂಟು ಹಾಕಬೇಡಿ, ಡ್ಯೂಕ್ ಕಾರವಾರಕ್ಕೆ ಬಂದು ಬೀಚಲ್ಲಿ ತಿರುಗಿದ್ದ ಅಂತೆಲ್ಲ ಬರೆಯೂಕೆ ಹೋಗಬೇಡಿ. ಆದ್ರೆ ನಕ್ಷೆ ತೆಗೆದು ನೋಡಿದ್ರೆ ಸಿಗ್ತದೆ. ನಮ್ಮ ಜಿಲ್ಲೆ, ಆಗಿನ ನಾರ್ತ್ ಕೆನರಾ, 1862ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯಿಂದ ಬಾಂಬೆ ಪ್ರೆಸಿಡೆನ್ಸಿಗೆ ಹೋಯ್ತು, ಸೌತ್ ಕೆನರಾ ಮದ್ರಾಸಲ್ಲೇ ಉಳೀತು. ಪ್ರೆಸಿಡೆನ್ಸಿಗೊಂದು ಸೈನ್ಯ ಇದ್ದ ಕಾಲ ಅದು. 1886ರ ಕೊನೆಯಿಂದ 1890ರವರೆಗೆ ಆ ಬಾಂಬೆ ಆರ್ಮಿಯ ಕಮಾಂಡರ್ ಇನ್ ಚೀಫ್ ಯಾರು ಗೊತ್ತುಂಟಾ, ಇದೇ ಆರ್ಥರ್. ಅಂದ್ರೆ ಕುಮಟೆ ಬಂದರಿಂದ ಹತ್ತಿ ಮೂಟೆ ಹೋಗ್ತಿದ್ದ ಕಾಲಕ್ಕೆ, ಕಾರವಾರದಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ 1883ರಲ್ಲಿ ರವೀಂದ್ರನಾಥ ಟಾಗೋರರು ಬಂದು ಹೋದ ಮೂರು ವರ್ಷಕ್ಕೆ, ನಮ್ಮ ಜಿಲ್ಲೆ ಯಾವ ಸೈನ್ಯದ ಸರಹದ್ದಿಗೆ ಸೇರಿತ್ತೋ ಅದರ ಯಜಮಾನ ರಾಣಿಯ ಮಗ. ಕೂಸಿಗೆ ಇದು ಕೇಳಿ ಕಣ್ಣು ದೊಡ್ಡ ಆಯ್ತು, ಅಲ್ಲಿವರೆಗೆ ಅವಳಿಗೆ ಅವನು ಡೆಲ್ಲಿಯ ಕನಾಟ್ ಪ್ಲೇಸ್ ಮಾತ್ರ. ಪ್ರೆಸಿಡೆನ್ಸಿ ಸೈನ್ಯಗಳೆಲ್ಲ 1895ರಲ್ಲಿ ಒಂದಾದ್ವು, ಹಾಗಾಗಿ ಆ ಹುದ್ದೆಯೂ ಹೋಯ್ತು.

ಊರಿನ ಹಿನ್ನೆಲೆಗೆ 1883ರ ಕೆನರಾ ಗೆಜೆಟಿಯರ್ ಇಂಟರ್‌ನೆಟ್ಟಲ್ಲಿ ಪುಕ್ಕಟೆ ಸಿಗ್ತದೆ. ಅವನ ಬಡ್ತಿ, ನೇಮಕದ ತಾರೀಕಿಗೆ ಲಂಡನ್ ಗೆಜೆಟ್ ನೋಡಿ, ಅದೂ ಪುಕ್ಕಟೆ, ಬೇರೆ ಕಡೆ ಇಸವಿ ಹೆಚ್ಚುಕಮ್ಮಿ ಆದ್ರೆ ಅದೇ ತೀರ್ಪು.

ಸಿಕ್ಕ ಹುದ್ದೆಗಿಂತ ಸಿಗದ ಹುದ್ದೆ ಮೇಲೆ ಗಮನ ಇಡಿ, ಮನುಷ್ಯ ಕಾಣೂದು ಅಲ್ಲೇ. ಬ್ರಿಟಿಷ್ ಸೈನ್ಯದ ಕಮಾಂಡರ್ ಇನ್ ಚೀಫ್ ಕುರ್ಚಿಯಲ್ಲಿ 1856ರಿಂದ 1895ರವರೆಗೆ, 39 ವರ್ಷ, ಕೂತಿದ್ದವ ಕೇಂಬ್ರಿಜ್ ಡ್ಯೂಕ್, ರಾಣಿಗೆ ಚಿಕ್ಕಪ್ಪನ ಮಗ (ವಯಸ್ಸಲ್ಲಿ ಅವಳಿಗಿಂತ ಎರಡು ತಿಂಗಳು ದೊಡ್ಡವ). ಅವನ ನಂತರ ಆ ಕುರ್ಚಿ ತನ್ನ ಆರ್ಥರನಿಗೇ ಬರಲಿ ಅಂತ ತಾಯಿಗೆ ಆಸೆ. ಸರ್ಕಾರ ಬಿಡಲಿಲ್ಲ. 1895ರಲ್ಲಿ ಕುರ್ಚಿ ಹೋದದ್ದು ತೆಲ್ ಎಲ್ ಕೆಬೀರಿನ ಅದೇ ವುಲ್ಸ್‌ಲಿಗೆ, ಅವನ ನಂತರ ರಾಬರ್ಟ್ಸ್‌ಗೆ. ಆ ಹೊತ್ತಿಗೆ ಯುದ್ಧ ಅಂದ್ರೆ ದೊಡ್ಡ ಮನೆಯವರ ಕುದುರೆ ಮೆರವಣಿಗೆ ಅಲ್ಲ, ಪಾರ್ಲಿಮೆಂಟಿಗೆ ಉತ್ತರ ಕೊಡಬೇಕಾದ ಖಾತೆ ಅಂತ ಆಗಿತ್ತು. ಅವ್ವಿ ಹೆಸರು ಬಾಗಿಲು ತೆಗೆಸಿದ್ದು ನಿಜ, ಆದ್ರೆ ಕೊನೇ ಬಾಗಿಲು ಮುಚ್ಚಿಸಿದ್ದೂ ಅದೇ ಹೆಸರು! ಅವನಿಗೆ ಸಿಕ್ಕಿದ್ದು ಇಂಗ್ಲೆಂಡಿನ ಆಲ್ಡರ್‌ಶಾಟ್ ದಂಡಿನ ಕಮಾಂಡು, ಐರ್ಲೆಂಡ್ ಕಮಾಂಡು, 1902ರಲ್ಲಿ ಫೀಲ್ಡ್ ಮಾರ್ಷಲ್ ದಂಡ, 1904ರಿಂದ ಇನ್‌ಸ್ಪೆಕ್ಟರ್ ಜನರಲ್, 1907ರಲ್ಲಿ ಮೆಡಿಟರೇನಿಯನ್ ಕಮಾಂಡು. ಆ ಕೊನೆಯದ್ದು ಕೆಲಸಕ್ಕೆ ಬಾರದ ಹುದ್ದೆ ಅಂತ ಅವನಿಗೇ ಅನ್ನಿಸಿ 1909ರಲ್ಲಿ ರಾಜೀನಾಮೆ ಕೊಟ್ಟ, ನನಗೆ ಅವನು ಇಷ್ಟ ಆದದ್ದು ಈ ಒಂದು ಜಾಗದಲ್ಲಿ. ಸಂಬಳ, ಮರ್ಯಾದೆ, ಬಂಗಲೆ ಎಲ್ಲ ಇದ್ದೂ ಇಲ್ಲಿ ಕೆಲಸವೇ ಇಲ್ಲ ಅಂತ ಎದ್ದು ಹೋಗೂದು ಈಗಿನ ಎಷ್ಟು ಜನರಿಗೆ ಸಾಧ್ಯ, ಹೋಗ್ಲಿ ಬಿಡಿ.

ಬೇಡ ಅಂದದ್ದು ಇನ್ನೊಂದಿದೆ. 1899ರಲ್ಲಿ ಜರ್ಮನಿಯ ಸ್ಯಾಕ್ಸ್ ಕೋಬರ್ಗ್ ಗೋಥಾ ಸಂಸ್ಥಾನಕ್ಕೆ ವಾರಸುದಾರ ಬೇಕಾದಾಗ ಸರದಿ ಇವನದ್ದೇ ಬಂತು, ತನಗೂ ಬೇಡ ಮಗನಿಗೂ ಬೇಡ ಅಂತ ಬಿಟ್ಟ. ಅದು ತೀರ್ಕೊಂಡ ತಮ್ಮನ ಮಗ ಚಾರ್ಲ್ಸ್ ಎಡ್ವರ್ಡ್‌ಗೆ ಹೋಯ್ತು, ಆ ಹುಡುಗ ಮುಂದೆ ಮಹಾಯುದ್ಧದಲ್ಲಿ ಜರ್ಮನಿ ಕಡೆ ನಿಂತು 1919ರಲ್ಲಿ ಬ್ರಿಟಿಷ್ ಬಿರುದೆಲ್ಲ ಕಳ್ಕೊಂಡ. ಒಂದು "ಬೇಡ" ತಪ್ಪಿದ್ದಿದ್ರೆ ಆ ಗತಿ ಆರ್ಥರನಿಗೆ.

ಕೆನಡಾ ಭಾಗ ಬರೆಯೂವಾಗ ಹುಷಾರು. ಗವರ್ನರ್ ಜನರಲ್ ಅಂದ್ರೆ ಲೆಕ್ಕಕ್ಕೆ ಅಲ್ಲಿನ ಸೈನ್ಯಕ್ಕೂ ಮುಖ್ಯಸ್ಥ, ಆದ್ರೆ ಹೆಸರಿಗೆ ಮಾತ್ರ. ನಲವತ್ತು ವರ್ಷ ಯೂನಿಫಾರ್ಮ್ ಹಾಕಿದವನಿಗೆ ಅದು ಹೇಗೆ ತಲೆಗೆ ಹೋಗ್ಬೇಕು, 1914ರಲ್ಲಿ ಯುದ್ಧ ಬಂದ ಕೂಡ್ಲೆ ಕ್ಯಾಂಪು ನೋಡೂಕೆ, ಸಲಹೆ ಕೊಡೂಕೆ ಹೊರಟ, ಮಿಲಿಷಿಯಾ ಮಂತ್ರಿ ಸ್ಯಾಮ್ ಹ್ಯೂಸ್‌ಗೂ ಇವನಿಗೂ ಜಟಾಪಟಿ. ಆದ್ರೆ ಈ ಭಾಗದಲ್ಲಿ ನನಗೆ ಕಣ್ಣಿಗೆ ಕಟ್ಟೂದು ಅಪ್ಪ ಅಲ್ಲ, ಮಗಳು. 1914ರ ಆಗಸ್ಟಲ್ಲಿ ಹೊಸದೊಂದು ರೆಜಿಮೆಂಟ್ ಕಟ್ಟಿ ಅದಕ್ಕೆ ಪ್ರಿನ್ಸೆಸ್ ಪೆಟ್ರೀಷಿಯಾ ಅಂತ ಅವಳ ಹೆಸರೇ ಇಟ್ಟರು, ಅವಳು ಕೂತು ಸೂಜಿ ದಾರ ಹಿಡಿದು ಅದರ ಬಾವುಟಕ್ಕೆ ತನ್ನ ಕೈಯಾರೆ ಕಸೂತಿ ಹಾಕಿ ಕೊಟ್ಲು. 1915ರ ಮೇ 8ಕ್ಕೆ ಬೆಲ್ಜಿಯಂನ ಫ್ರೆಜೆನ್‌ಬರ್ಗ್ ದಿಬ್ಬದ ಮೇಲೆ ಆ ರೆಜಿಮೆಂಟಲ್ಲಿ ದಿನದ ಕೊನೆಗೆ ನಿಂತಿದ್ದವರು ನಾಲ್ಕು ಆಫೀಸರು, ಸುಮಾರು 150 ಜನ. ಆ ಬಾವುಟವೂ ಉಳೀತು. ಅಪ್ಪನ ಹತ್ತು ಬಿರುದು ಬಿಟ್ಟು ಈ ಬಾವುಟ ಒಂದನ್ನ ಬರೆ ಅಂದೆ ಕೂಸಿಗೆ.

ಇನ್ನು 1921. ಇಲ್ಲಿ ಅವಸರ ಮಾಡಬೇಡಿ, ನಮ್ಮವರಿಗೆ ಬೇಕಾದ್ದೇ ಇದು. ಎಪ್ಪತ್ತು ದಾಟಿದ, ಹೆಂಡ್ತಿ ಕಳ್ಕೊಂಡ ಮುದುಕನನ್ನ ಅಣ್ಣನ ಮಗ ಐದನೇ ಜಾರ್ಜ್ ಹೊಸ ಶಾಸನಸಭೆ ಉದ್ಘಾಟನೆಗೆ ಇಂಡಿಯಾಕ್ಕೆ ಕಳಿಸಿದ. ಫೆಬ್ರವರಿ ಒಂದೇ ವಾರದಲ್ಲಿ ಡೆಲ್ಲಿಯಲ್ಲಿ ರಾಜರ ಸಭೆ ಉದ್ಘಾಟನೆ, 9ಕ್ಕೆ ಶಾಸನಸಭೆ, 10ಕ್ಕೆ ಈಗಿನ ಇಂಡಿಯಾ ಗೇಟಿಗೆ ಅಡಿಗಲ್ಲು, 12ಕ್ಕೆ ಹಳೇ ಪಾರ್ಲಿಮೆಂಟ್ ಕಟ್ಟಡಕ್ಕೆ ಅಡಿಗಲ್ಲು. ಜಲಿಯನ್‌ವಾಲಾ ಬಾಗ್ ಆಗಿ ಎರಡು ವರ್ಷವೂ ಆಗಿರಲಿಲ್ಲ. ಭಾಷಣದಲ್ಲಿ ಅಮೃತಸರದ ನೆರಳಿನ ಮಾತು ಅವನೇ ಎತ್ತಿದ, ಎರಡೂ ಕಡೆಯವರು ಹಿಂದಿನದನ್ನ ಮಣ್ಣುಮಾಡಿ ಮುಂದೆ ಹೋಗ್ವ ಅನ್ನೋ ಅರ್ಥದಲ್ಲಿ. ಕಾಂಗ್ರೆಸ್ಸಿನವರು ಈ ಭೇಟಿಯನ್ನೇ ಬಹಿಷ್ಕಾರ ಹಾಕಿದ್ರು, ಗಾಂಧೀಜಿ ಅವನ ಹೆಸರಿಗೇ ಬಹಿರಂಗ ಪತ್ರ ಬರೆದ್ರು, ಅವನ ಮೇಲೆ ವೈಯಕ್ತಿಕ ದ್ವೇಷ ಇಲ್ಲ, ಅವನು ಪ್ರತಿನಿಧಿಸೂ ವ್ಯವಸ್ಥೆ ಮೇಲೆ ತಕರಾರು ಅಂತ. ನಿಮ್ಮ ಬರಹದಲ್ಲಿ ಈ ಎರಡೂ ಪಕ್ಕಪಕ್ಕ ಬರ್ಲಿ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದ ಜಿಲ್ಲೆಯವರು ನಾವು, ಡ್ಯೂಕ್‌ಗೆ ಆರತಿ ಎತ್ತೂದು ನಮ್ಮ ಕೆಲಸ ಅಲ್ಲ, ಹಾಗಂತ ಸುಮ್ನೆ ಬೈಯೂದೂ ಚರಿತ್ರೆ ಅಲ್ಲ. ಕನಾಟ್ ಪ್ಲೇಸ್ ಆಮೇಲೆ ಕಟ್ಟಿದ್ದು, ಅಲ್ಲಿನ ಮೆಟ್ರೋ ಸ್ಟೇಶನ್ನಿಗೆ ಈಗ ರಾಜೀವ್ ಚೌಕ್ ಅಂತ ಹೆಸರು, ಜನರ ಬಾಯಲ್ಲಿ ಮಾತ್ರ ಇನ್ನೂ ಕನಾಟೇ.

ಭಾಷೆ ಬಗ್ಗೆ ಎರಡು ಮಾತು. "ಅವನು" ಬರೀಬೇಕಾ "ಅವರು" ಬರೀಬೇಕಾ ಅಂತ ಎಲ್ಲರೂ ಕೇಳ್ತಾರೆ. ಇಂಗ್ಲಿಷಲ್ಲಿ ಈ ರಗಳೆಯೇ ಇಲ್ಲ. ನಾನು ಮಾತಾಡೂವಾಗ ಅವನು ಅಂತ್ಲೇ ಹೇಳೂದು, ಕಾಲೇಜಿಗೆ ಬರೆದ್ರೆ ಅವರು ಅಂತ ಹಾಕಿ, ಆದ್ರೆ ಉರಾಬಿ ಪಾಷಾನಿಗೆ ಅವನು, ಡ್ಯೂಕ್‌ಗೆ ಅವರು ಅಂತ ಮಾತ್ರ ಮಾಡಬೇಡಿ, ಕೊಟ್ರೆ ಇಬ್ಬರಿಗೂ ಕೊಡಿ. ಡ್ಯೂಕ್ ಅನ್ನೋದನ್ನ ಅನುವಾದ ಮಾಡೂಕೆ ಹೋಗಬೇಡಿ, ಕೂಸಿನ ನೋಟ್ಸಲ್ಲಿ ಕಂಪ್ಯೂಟರ್ ಅನುವಾದದ ಕೃಪೆಯಿಂದ "ಕನಾಟಿನ ಸಾಮಂತ ದಂಡನಾಯಕ" ಅಂತ ಇತ್ತು, ಓದಿದ್ರೆ ಬನವಾಸಿ ಕದಂಬರ ಶಾಸನ ಓದಿದಂಗೆ. ಗೌರವ ಕರ್ನಲ್ ಅಂದ್ರೆ ಯುದ್ಧ ಮಾಡೂ ಕರ್ನಲ್ ಅಲ್ಲ, ವಾರ್ಷಿಕೋತ್ಸವಕ್ಕೆ ಬರೂ ಅಧ್ಯಕ್ಷರಿದ್ದಂಗೆ, ಅಂಥವೆಲ್ಲ ಸೇರಿಸಿ ಒಂದು ಸಾಲಲ್ಲಿ ಮುಗಿಸಿ.

ಸಾವನ್ನ ಚಿಕ್ಕದಾಗಿ ಬರೀರಿ. 1942ರ ಜನವರಿ 16, ಬ್ಯಾಗ್‌ಶಾಟ್ ಪಾರ್ಕಿನ ಮನೆ, 91 ವರ್ಷ. ಆ ಮನೆಯ ಬಿಲಿಯರ್ಡ್ಸ್ ಕೋಣೆಗೆ ಲಾಹೋರಿನ ಲಾಕ್‌ವುಡ್ ಕಿಪ್ಲಿಂಗ್ ಮತ್ತು ಭಾಯಿ ರಾಮ್ ಸಿಂಗ್ ಸೇರಿ ಮಾಡಿಸಿದ ಮರದ ಕೆತ್ತನೆ ಇತ್ತು, ಡ್ಯೂಕ್ ಇಂಡಿಯಾದಲ್ಲಿದ್ದಾಗ ಮೆಚ್ಚಿ ಹೇಳಿ ಮಾಡಿಸಿದ್ದು. ವೆಲಿಂಗ್ಟನ್ ಕೈಯಲ್ಲಿ ಆಶೀರ್ವಾದ ತಗೊಂಡ ಮಗು ಹಿಟ್ಲರ್ ಯುದ್ಧದ ನಡುವೆ ಕಣ್ಣುಮುಚ್ಚಿತು.

ಸಂಜೆ ಮಳೆ ನಿಂತಾಗ ಕೂಸು ಎರಡೂವರೆ ಪೇಜ್ ಹರಿದು ಹಾಕಿ ಹೊಸದಾಗಿ ನಾಲ್ಕು ಪೇಜ್ ಬರೆದು ಕೊನೇ ಬಸ್ಸಿಗೆ ಘಟ್ಟ ಹತ್ತಿದ್ಲು. ಮುಂದಿನ ವಾರ ಮೆಸೇಜ್ ಬಂತು, ಇಪ್ಪತ್ತಕ್ಕೆ ಹದಿನೆಂಟು. ಎರಡು ಮಾರ್ಕು ಎಂತಕ್ಕೆ ಹೋತು ಕೇಳಿದ್ರೆ, "ಬಿರುದು ಬರದ್ದಿಲ್ಲೆ ಹೇಳಿ ಕಟ್ ಮಾಡಿದ್ದ ಮಾವ".